ಹರಿಹರದಲ್ಲೇ ಇಳಿದ ಫಾರಿನ್ ಟೂರು

೧

ಎಲ್ಲಿಂದ ಶುರು ಮಾಡಲಿ ಅಂತ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಮೊದಲು ಹೀಗೆ ಬರೆದಿದ್ದೆ: "ಶಾಂತಕುಮಾರಿ ಕಿಟಕಿಯ ಹೊರಗೆ ನೋಡಿದಳು. ಮೋಡಗಳು ಕೆಳಗಿದ್ದವು." ವಾಕ್ಯ ಚೆನ್ನಾಗಿಯೇ ಇದೆ. ಆದರೆ ಈ ಕಥೆಯಲ್ಲಿ ಯಾರೂ ವಿಮಾನ ಹತ್ತುವುದಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆಗೆ ಗೊತ್ತಾಗಿ ನೀವು ನನ್ನನ್ನು ಬೈಯುವುದು ಬೇಡ.

ಹಾಗಾದರೆ ವೀಸಾ ಸಿಗದ ದಿನದಿಂದ ಶುರು ಮಾಡಲಾ? ಓದುಗರು ಮೊದಲ ಸಾಲಿಗೇ ಅಯ್ಯೋ ಪಾಪ ಅಂದುಬಿಡುತ್ತಾರೆ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಶಾಂತಕುಮಾರಿಗೆ ಆಗದ ಮಾತು. ಈ ಕಥೆಯ ತೊಂದರೆ ಪೂರ್ತಿ ಇರುವುದು ಅಲ್ಲೇ.

(ತಾಳಿ, ದೋಸೆ ಹಿಟ್ಟು ರುಬ್ಬಿ ಬರುತ್ತೇನೆ.)

೨

ಬಂದೆ. ಮೊದಲು ಪರಿಚಯ ಮುಗಿಸೋಣ. ಶಾಂತಕುಮಾರಿ, ಐವತ್ತು ದಾಟಿದವಳು, ದಾವಣಗೆರೆ ವಿನೋಬನಗರದ ಒಂದು ಕ್ರಾಸಿನಲ್ಲಿ ಮನೆ. ಗಂಡ ಬಕ್ಕೇಶಪ್ಪ, ಕರೂರು ಕೈಗಾರಿಕಾ ಪ್ರದೇಶದಲ್ಲಿ ರೈಸ್‌ಮಿಲ್ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪು ನಡೆಸುವವನು. ಎದುರು ಮನೆಯಲ್ಲಿ ಓಬವ್ವ, ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ನಿಲ್ಲಿಸುವವಳು. ನಾನೂ ವಿನೋಬನಗರದವಳೇ. ಆದರೆ ಇವರನ್ನು ನಮ್ಮ ಕ್ರಾಸಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮೂವರನ್ನೂ ನಾನೇ ಮಾಡಿದ್ದು.

ಶಾಂತಕುಮಾರಿ ಒಂದು ದಿನ ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದಳು. ಯಾವುದೋ ದೇಶದ ಕೆರೆ. ದಂಡೆಯಲ್ಲಿ ಬೆಂಚು. ಬೆಂಚಿನ ಮೇಲೆ ಒಬ್ಬ ಮುದುಕಿ. ಹಿಂದೆ ಚರ್ಚಿನ ಗಡಿಯಾರದಲ್ಲಿ ಹನ್ನೊಂದು ಗಂಟೆ. ಬೆಳಗಿನ ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಸುಮ್ಮನೆ ಕೂತಿದ್ದಾಳೆ, ಯಾರೂ ಕರೆಯುತ್ತಿಲ್ಲ.

"ಅಲ್ಲಿಗೆ ಹೋಗೋಣ" ಅಂದಳು.

"ಕೆರಿ ನೋಡಾಕ ಅಷ್ಟು ದೂರ ಯಾಕ? ಸೂಳೆಕೆರಿ ಐತಲ್ಲ, ಭಾನುವಾರ ಹೋಗಿ ಬರೋಣ" ಅಂದ ಬಕ್ಕೇಶಪ್ಪ.

"ಸೂಳೆಕೆರಿಗೆ ಹೋದ್ರೆ ಬುತ್ತಿ ಕಟ್ಟೋರು ಯಾರು?"

ಬಕ್ಕೇಶಪ್ಪ ಒಳ್ಳೆಯವನು. ಪಾಸ್‌ಪೋರ್ಟು ಮಾಡಿಸಿದ.

೩

ಅವಳು ಬರೆದ ಪ್ಲಾನು ಇದು. ಒಂದಕ್ಷರವನ್ನೂ ನಾನು ತಿದ್ದಿಲ್ಲ.

*ಏಳಬೇಕು ಅನ್ನಿಸಿದಾಗ ಏಳುವುದು. ತಿಂಡಿ, ಬೇರೆಯವರು ಮಾಡಿದ್ದು. ಹನ್ನೊಂದಕ್ಕೆ ಕೆರೆ ದಂಡೆ, ಬೆಂಚು. ಮಧ್ಯಾಹ್ನ ನಿದ್ದೆ. ಸಂಜೆ ಅದೇ ಬೆಂಚು, ಇನ್ನೊಂದು ತುದಿ. ಮರುದಿನ ಮೇಲಿನಂತೆ.*

ಹೀಗೆ ಹತ್ತಿರ ಹತ್ತಿರ ಒಂದು ತಿಂಗಳು.

ಟ್ರಾವೆಲ್ಸಿನ ಜುಬೇರ್ ಅದನ್ನು ಎರಡು ಸಲ ಓದಿ ನೆತ್ತಿ ಕೆರೆದುಕೊಂಡ. "ಅಕ್ಕಾ, ಇದು ಟೂರ್ ಪ್ಲಾನ್ ಅಲ್ರೀ, ಬೆಡ್ ರೆಸ್ಟು. ವೀಸಾದೋರು ನಂಬಬೇಕಲ್ಲ? ನಾಕು ಮ್ಯೂಸಿಯಂ ಹಾಕೋಣ್ರಿ. ಒಂದು ಅರಮನಿ, ಒಂದು ಬೋಟಿಂಗು. ಹೋದ ಮ್ಯಾಲೆ ನೀವು ಬೇಕಾದ್ರೆ ಮಲಗ್ರಿ, ಯಾರು ಕೇಳ್ತಾರೆ?"

"ನಾ ನೋಡದೇ ಇರೋದನ್ನ ನೋಡ್ತೀನಿ ಅಂತ ಯಾಕ ಬರೀಲಿ? ಸುಳ್ಳು ಬ್ಯಾಡ, ಜುಬೇರ್."

"ಸುಳ್ಳಲ್ರೀ ಅಕ್ಕಾ, ಫಾರ್ಮಾಲಿಟಿ."

"ಬ್ಯಾಡ ಅಂದೆ."

ನೆನಪಿರಲಿ, ಇದನ್ನು ಹೇಳಿದವಳು ಶಾಂತಕುಮಾರಿಯೇ. ನನಗೂ ಅವಳ ಮೇಲೆ ಹೆಮ್ಮೆ ಉಕ್ಕಿತ್ತು. ಆ ಹೆಮ್ಮೆಯಲ್ಲಿ ಬಟ್ಟೆ ಒಣಹಾಕಿ ಬಂದು ಮುಂದಿನ ಭಾಗ ಬರೆದೆ.

೫

(ನಾಲ್ಕನ್ನು ಹರಿದು ಹಾಕಿದೆ. ಅದರಲ್ಲಿ ವೀಸಾ ಸಿಕ್ಕಿತ್ತು. ಕಥೆ ಎರಡೇ ಪುಟಕ್ಕೆ ಸತ್ತುಹೋಯಿತು.)

ಇನ್ನೂ ವೀಸಾ ಬಂದಿರಲಿಲ್ಲ. ಆದರೆ ಆಷಾಢ ಬರುತ್ತಿತ್ತು.

"ಆಷಾಢದಾಗ ಉಡಿ ತುಂಬಂಗಿಲ್ಲ" ಅಂದಳು ಓಬವ್ವ. "ಅಷ್ಟು ದೂರ ಹೊಂಟೀರಿ, ನೀರು ದಾಟಿ ಹೊಂಟೀರಿ, ಬರೀ ಉಡಿಯಾಗ ಕಳಸೋದಾ? ಈ ಸೋಮಾರ ತುಂಬಿಬಿಡೋಣ."

"ವೀಸಾ ಇನ್ನ ಬಂದಿಲ್ಲ, ಓಬವ್ವ."

"ಬರ್ತೈತೆ ಬಿಡ್ರಿ! ನಿಮ್ಮಂಥೋರಿಗೆ ಬರದೆ ಯಾರಿಗೆ ಬರ್ತೈತೆ?"

ಹಾಗೆ ಸೋಮವಾರ ಕ್ರಾಸಿನ ಹೆಂಗಸರೆಲ್ಲ ಸೇರಿದರು. ಶಾಂತಕುಮಾರಿಯನ್ನು ಮಣೆಯ ಮೇಲೆ ಕೂರಿಸಿ, ಸೆರಗು ಹಿಡಿಸಿ, ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ವೀಳ್ಯದೆಲೆ, ಉತ್ತತ್ತಿ, ಕುಪ್ಪಸದ ಖಣ ತುಂಬಿದರು. ಓಬವ್ವ ಅದರ ಮೇಲೆ ತನ್ನ ಉಣ್ಣೆ ಶಾಲನ್ನೂ ಇಟ್ಟಳು. "ಅಲ್ಲಿ ಚಳಿ ಅಂತೆ. ಹೊದಕೊಂಡು ಬರ್ರಿ, ತೊಳೆಯಾದೇನೂ ಬ್ಯಾಡ." ಯಾರೋ ಸೋಬಾನೆ ಎತ್ತಿಕೊಂಡರು. ಬಕ್ಕೇಶಪ್ಪ ಮೂಲೆಯಲ್ಲಿ ನಿಂತು ಮದುಮಗನ ಹಾಗೆ ನಕ್ಕ.

ಗುರುವಾರ ವೀಸಾ ಕಚೇರಿಯಿಂದ ಪಾಸ್‌ಪೋರ್ಟು ವಾಪಸು ಬಂತು, ಜೊತೆಗೊಂದು ಹಾಳೆ. ಜುಬೇರ್ ಓದಿ ಹೇಳಿದ. ನೀವು ಬರುವ ಉದ್ದೇಶ ನಂಬುವಂತಿಲ್ಲ. ಅಷ್ಟೇ.

ಒಬ್ಬ ಹೆಂಗಸು ಸುಮ್ಮನೆ ಕೂರಲು ಬರುತ್ತಾಳೆ ಅನ್ನುವುದನ್ನು ಅವರು ನಂಬಲಿಲ್ಲ.

೬

ಇಲ್ಲಿ ನಾನು ಶಾಂತಕುಮಾರಿಗೆ ಬೇಕಾದಷ್ಟು ಬುದ್ಧಿ ಹೇಳಿದೆ. ಹೋಗು, ಎದುರು ಮನೆಗೆ ಹೋಗಿ ಹೇಳು, ಎರಡು ಮಾತು, ಮುಗಿಯಿತು.

"ಏನಂತ ಹೇಳ್ಲಿ?" ಅಂದಳು. "ಉಡಿ ತುಂಬಿಸ್ಕೊಂಡೀನಿ. ತುಂಬಿದ ಉಡಿ ಇಟ್ಕೊಂಡು ಹೊಸ್ತಿಲು ದಾಟಲಿಲ್ಲ ಅಂದ್ರೆ ಏನಂತಾರೆ? ಅವರು ಬ್ಯಾಡ ಅಂದ್ರಂತೆ, ವಾಪಸ್ ಕಳಿಸಿದ್ರಂತೆ ಅಂತಾರೆ. ನಿಮಗೇನ್ರಿ, ಬರೆದು ಎದ್ದು ಹೋಗ್ತೀರಿ. ಆ ಕ್ರಾಸಿನಾಗ ದಿನಾ ನೀರು ಹಿಡಿಯೋಳು ನಾನು."

ನಾನು ಎದ್ದು ಹೋದೆ. ನನ್ನ ಒಲೆಯ ಮೇಲೆ ಹಾಲೂ ಉಕ್ಕುತ್ತಿತ್ತು.

ಕ್ರಾಸಿಗೆಲ್ಲ ಹೇಳಿಟ್ಟಿದ್ದ ಹೊರಡುವ ದಿನ ಬೆಳಿಗ್ಗೆ ಓಬವ್ವ ತಾನೇ ಆಟೋ ಕರೆದುಕೊಂಡು ಬಂದಳು. ಗಂಡ ಹೆಂಡತಿ ಬಾಯಿ ಬಿಡಲಾರದೆ ಸೂಟ್‌ಕೇಸು ಹತ್ತಿಸಿದರು. ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲು ಬಂದು ಹೋಗುವವರೆಗೆ ಕೂತರು. ಆಮೇಲೆ ಎದುರು ಪ್ಲಾಟ್‌ಫಾರಂಗೆ ನಡೆದು, ಹುಬ್ಬಳ್ಳಿ ಕಡೆಯ ಪ್ಯಾಸೆಂಜರ್ ಹತ್ತಿ, ಇನ್ನೂ ಸರಿಯಾಗಿ ಕೂರುವ ಮೊದಲೇ ಹರಿಹರದಲ್ಲಿ ಇಳಿದರು.

ತಂಗಿ ರೂಪಶ್ರೀ ಬಾಗಿಲು ತೆರೆದಳು. ಸೂಟ್‌ಕೇಸು ನೋಡಿದಳು. "ಏನಕ್ಕಾ, ಫ್ಲೈಟ್ ಭಾಳ ಲಗೂ ಇಳೀತು?"

೭

ಸಹನಾ, ನನ್ನ ಮಗಳು, ಹತ್ತನೇ ತರಗತಿ, ಇಲ್ಲಿಯವರೆಗೆ ಓದಿದಳು. ಶೂ ಲೇಸು ಕಟ್ಟುತ್ತಾ ಕೇಳಿದಳು.

"ಅಮ್ಮಾ, ಶಾಂತಕುಮಾರಿಗೆ ಮಕ್ಕಳಿಲ್ವಾ?"

ನನಗೆ ಹೊಳೆದೇ ಇರಲಿಲ್ಲ. "ಇದಾರೆ. ಮದುವೆಯಾಗಿ ಎಲ್ಲೋ ಇದಾರೆ ಅಂತ ಬರೀತೀನಿ."

"ಬರೀಬ್ಯಾಡ ಬಿಡು. ಆ ಪ್ಲಾನ್ ಇರೋದು ನಿಂದೇ ಅಲ್ವಾ? ಬೇರೆಯವರು ಮಾಡಿದ ತಿಂಡಿ, ಯಾರೂ ಕರೆಯಂಗಿಲ್ಲ. ಅದ್ರಾಗ ನಾವಿಲ್ಲ."

"ಕಥೆ ಕಣೇ ಅದು."

"ಗೊತ್ತು. ಏನಾಗಲ್ಲ ಬಿಡಮ್ಮ." ತಟ್ಟೆಯನ್ನು ತಾನೇ ತೊಳೆದಿಟ್ಟು ಹೋದಳು. ದಿನವೂ ಸಿಂಕಿನಲ್ಲಿ ಬಿಟ್ಟು ಹೋಗುವ ಹುಡುಗಿ.

ಆ ಹೊತ್ತು ನಾನು ಏನೂ ಬರೆಯಲಿಲ್ಲ. ಮಕ್ಕಳೇ ಇಲ್ಲದ ಹೆಂಗಸೊಬ್ಬಳನ್ನು ಇಷ್ಟು ಪ್ರೀತಿಯಿಂದ ಕಟ್ಟಿದ್ದೆ. ಮಗಳು ಒಂದೇ ಓದಿಗೆ ಅದನ್ನು ಹಿಡಿದಳು. ಸಂಜೆ ಅವಳಿಗೆ ಇಷ್ಟವಾದ ಗಿರಮಿಟ್ ಮಾಡಿದೆ. ತಿಂದಳು, ನಕ್ಕಳು, ಆ ಮಾತು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಆದ್ದರಿಂದ ಶಾಂತಕುಮಾರಿಯ ಸಂಕಟ ನನಗೆ ಗೊತ್ತಿಲ್ಲ ಅಂತ ಯಾರೂ ಹೇಳಬೇಡಿ.

೮

ಈಗ ನೀವು ಅಂದುಕೊಳ್ಳುತ್ತೀರಿ, ಸರಿ, ಹರಿಹರದಲ್ಲೂ ನೀರಿದೆ, ಅವಳು ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ತನ್ನ ಪ್ಲಾನು ನಡೆಸುತ್ತಾಳೆ, ಸಂತೋಷ ಅನ್ನುವುದು ಮನಸ್ಸಿನಲ್ಲಿದೆ ಅಂತ ಕಂಡುಕೊಳ್ಳುತ್ತಾಳೆ. ಅದನ್ನೂ ಬರೆದು ನೋಡಿದೆ. ಶಾಂತಕುಮಾರಿ ಒಪ್ಪಲಿಲ್ಲ.

"ಹೊಳೆ ಕಡೆ ಹೆಂಗೆ ಹೋಗ್ಲಿ? ದಾವಣಗೆರೆಯೋರು ಯಾರಾದ್ರೂ ನೋಡಿದ್ರೆ?"

ಅವಳು ಹೊರಗೇ ಬರಲಿಲ್ಲ. ಫಾರಿನ್‌ನಲ್ಲಿ ಅವಳು ಮಾಡಿದ ಮೊದಲ ಕೆಲಸ ತಂಗಿಯ ಮನೆಯ ತೊಗರಿಬೇಳೆ ಆರಿಸಿದ್ದು. ಆಮೇಲೆ ಶ್ಯಾವಿಗೆ. ಆಮೇಲೆ ಹಳೆ ಸೀರೆಗಳ ಕೌದಿ. "ಕೂಡ್ರಕ್ಕಾ, ನಾ ಮಾಡ್ತೀನಿ" ಅಂತ ರೂಪಶ್ರೀ ಕೈಯಿಂದ ಕಸಿದುಕೊಂಡರೂ ಬಿಡಲಿಲ್ಲ. ಕೂತರೆ ನೆನಪಾಗುತ್ತದಂತೆ. ಉಡಿಯ ಅಕ್ಕಿಯಿಂದ ಪಾಯಸ ಮಾಡಿ ಬಡಿಸಿದರೆ ಎರಡು ತುತ್ತಿಗೆ ಎದ್ದಳು.

ಬಕ್ಕೇಶಪ್ಪನಿಗೆ ಮಾತ್ರ ಹುಮ್ಮಸ್ಸು. ಇಂಟರ್‌ನೆಟ್ಟಿನಿಂದ ಒಂದು ಕೆರೆಯ ಫೋಟೋ ಇಳಿಸಿ ಕ್ರಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟ. ಕೆಳಗೆ, "ನಮ್ಮ ಕಿಟಕಿಯಿಂದ."

"ಯಾರು ಹಾಕು ಅಂದ್ರು ನಿಮಗೆ?"

"ಎಲ್ರೂ ಕೇಳ್ತಾ ಇದ್ರಲ್ಲೇ. ಒಂದು ಹಾಕಿದ್ರೆ ಸುಮ್ನಾಗ್ತಾರೆ."

ಯಾರೂ ಸುಮ್ಮನಾಗಲಿಲ್ಲ. ಓಬವ್ವ ಧ್ವನಿ ಮೆಸೇಜು ಕಳಿಸಿದಳು. ಹಿಂದೆ ಎಣ್ಣೆ ಚುರ್ ಅನ್ನುತ್ತಿತ್ತು.

"ಶಾಂತಕ್ಕಾ, ಆ ನೀರು ನೋಡಿ ಕಣ್ಣು ತಂಪಾತು ನೋಡ್ರಿ. ಗಾಡಿಗೆ ಬಂದೋರಿಗೆಲ್ಲ ತೋರ್ಸಿದೆ, ನಮ್ಮ ಎದುರು ಮನಿಯೋರು ಅಲ್ಲಿ ಅದಾರೆ ಅಂತ. ಮಿರ್ಚಿ ತಿನ್ನಾಕ ಬಂದ ಅಬ್ರಾರ್ ಅಂತಾನೆ, ಇದು ಎಲ್ಲೋ ಕ್ಯಾಲೆಂಡರ್‌ನಾಗ ನೋಡೀನಿ ಅಂತ. ಬೈದು ಕಳಿಸಿದೆ, ಮುಚ್ಚಲೇ, ನಮ್ಮ ಶಾಂತಕ್ಕ ಸುಳ್ಳು ಹೇಳೋಳಲ್ಲ ಅಂತ. ನಿಮ್ಮ ಗಿಡಕ್ಕೆ ದಿನಾ ನೀರು ಹಾಕ್ತೀನಿ, ಚಿಂತಿ ಬ್ಯಾಡ."

ಶಾಂತಕುಮಾರಿ ಅದನ್ನು ಮತ್ತೆ ಮತ್ತೆ ಹಚ್ಚಿ ಕೇಳಿದಳು. ಮ್ಯೂಸಿಯಂ ಒಂದನ್ನು ಬರೆಯಲು ಒಪ್ಪದವಳು.

೯

ಇನ್ನು ಮುಗಿಸಬೇಕು, ನನಗೆ ರೇಷನ್ ಅಂಗಡಿಗೆ ಹೋಗುವುದಿದೆ. ಮುಕ್ತಾಯಗಳು ಇವೆ, ಆರಿಸಿಕೊಳ್ಳಿ.

ಮುಕ್ತಾಯ ಒಂದು. ಆಷಾಢದ ಅಮಾವಾಸ್ಯೆ. ಓಬವ್ವ ಉಕ್ಕಡಗಾತ್ರಿಯ ಕರಿಬಸವೇಶ್ವರನಿಗೆ ಹೊರಟವಳು ಹರಿಹರದಲ್ಲಿ ಬಸ್ಸು ಬದಲಿಸಲು ಇಳಿಯುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದ ಶಾಂತಕುಮಾರಿ ಎದುರಾಗುತ್ತಾಳೆ. ಇದು ನನಗೆ ಬಹಳ ಇಷ್ಟವಾಗಿತ್ತು. ಕೊತ್ತಂಬರಿ ಕೆಳಗೆ ಬೀಳುವುದನ್ನೂ ಯೋಚಿಸಿಟ್ಟಿದ್ದೆ.

"ನಿಮಗೆ ಕೈ ಮುಗೀತೀನಿ" ಅಂದಳು ಶಾಂತಕುಮಾರಿ. "ಅಷ್ಟು ಜನರ ನಡುವೆ ಬ್ಯಾಡ. ನೀವೂ ಹೆಂಗಸೇ ಅಲ್ಲೇನ್ರಿ?"

ಹೌದು. ನಾಚಿಕೆಯಾಗಿ ಅದನ್ನು ಹೊಡೆದು ಹಾಕಿದೆ. ಒಬ್ಬಳ ಮಾನ ಹೋಗುವುದನ್ನು ನಾನು ಒಳ್ಳೆಯ ಸೀನು ಅಂದುಕೊಂಡಿದ್ದೆ.

ಮುಕ್ತಾಯ ಎರಡು. ಎರಡನೇ ಸಲ ವೀಸಾ ಸಿಗುತ್ತದೆ. (ಪೆನ್ನು ನನ್ನ ಕೈಯಲ್ಲಿದೆ, ಕೊಡಬಲ್ಲೆ.) ಅವರು ಹರಿಹರದಿಂದಲೇ ಹೊರಟು ನಿಜವಾಗಿ ಆ ಬೆಂಚಿನ ಮೇಲೆ ಕೂರುತ್ತಾರೆ. ಸುಳ್ಳು ನಿಜವಾಗುತ್ತದೆ.

"ಬ್ಯಾಡ" ಅಂದಳು. "ಅಲ್ಲಿ ಕುಂತ್ರೂ ಓಬವ್ವ ಅಬ್ರಾರ್‌ಗೆ ಬೈದಿದ್ದೇ ಕೇಳ್ತೈತೆ."

ಮುಕ್ತಾಯ ಮೂರು. ಕ್ರಾಸಿನವರಿಗೆಲ್ಲ ಮೊದಲೇ ಗೊತ್ತಿತ್ತು, ಪ್ರೀತಿಯಿಂದ ಸುಮ್ಮನಿದ್ದರು, ಎಲ್ಲರೂ ನಗುತ್ತಾರೆ. ಇದು ನಾನು ಚೆನ್ನಾಗಿ ನಿದ್ದೆ ಮಾಡಲು ಬರೆದುಕೊಂಡದ್ದು. ಓಬವ್ವನಿಗೆ ಗೊತ್ತಿರಲಿಲ್ಲ. ಅವಳು ಪೂರ್ತಿ ನಂಬಿದ್ದಳು.

೧೦

ರೇಷನ್ ತಂದಿಟ್ಟು ಬಂದು ನೋಡಿದರೆ ಶಾಂತಕುಮಾರಿ ನನ್ನನ್ನು ಕೇಳದೆ ಎದ್ದಿದ್ದಾಳೆ. ಮುಖ ಮುಚ್ಚಲು ಸೆರಗು ಹೊದ್ದಿಲ್ಲ. ರೂಪಶ್ರೀಯ ಮನೆಯ ಮಹಡಿ ಹತ್ತಿ, ಬಟ್ಟೆ ತಂತಿಯ ಕೆಳಗೆ ನಿಂತು, ಫೋನು ಹಚ್ಚಿದ್ದಾಳೆ. ವೀಡಿಯೊ ಅಲ್ಲ. ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಇದನ್ನು ನಾನು ಬರೆಯುತ್ತಿಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ.

"ಓಬವ್ವಾ."

"ಯಕ್ಕಾ! ಹೇಳ್ರಿ! ಅಲ್ಲಿ ಈಗ ಎಷ್ಟು ಹೊತ್ತು? ರಾತ್ರಿಯಾ?"

"ಓಬವ್ವಾ, ನಾನು ಹೋಗಿಲ್ಲ. ಹರಿಹರದಾಗ ಅದೀನಿ."

"ಹಾಂ? ಸರಿಯಾಗಿ ಕೇಳಂಗಿಲ್ರಿ."

"ಹರಿಹರದಾಗ. ತಂಗಿ ಮನಿಯಾಗ. ಹೋಗೇ ಇಲ್ಲ. ವೀಸಾ ಕೊಡಲಿಲ್ಲ."

ಆ ಕಡೆ ಓಬವ್ವ ಒಲೆ ಆರಿಸಿದ ಸದ್ದು.

"ಮೈಯಾಗ ಆರಾಮ ಅದೀರಾ?"

"ಅದೀನಿ."

"ಯಜಮಾನ್ರು?"

"ಅವ್ರೂ ಅದಾರೆ."

"ಉಡಿ ತುಂಬೋ ಮೊದ್ಲೇ ಗೊತ್ತಿತ್ತಾ?"

"ಇಲ್ಲ. ಆಮೇಲೆ. ಆಟೋ ಹತ್ತೋವಾಗ ಗೊತ್ತಿತ್ತು."

"ನಾನು ಕರಕೊಂಡು ಬಂದ ಆಟೋ."

"ಹೂಂ."

ಶಾಂತಕುಮಾರಿಯ ಕೈ ತಂತಿಯ ಮೇಲಿನ ಟವೆಲನ್ನು ಹಿಡಿದುಕೊಂಡಿದೆ. ಆಮೇಲೆ ಓಬವ್ವ, ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದವಳ ಹಾಗೆ ಕೇಳಿದಳು:

"ಹಂಗಾರೆ ಯಕ್ಕಾ, ನಾ ಎಲ್ರಿಗೂ ತೋರ್ಸಿದ್ದು ಏನು?"

ಇದಕ್ಕೆ ನನ್ನ ಹತ್ತಿರ ಉತ್ತರಗಳಿವೆ. "ತಪ್ಪಾತು" ಅನ್ನಿಸಬಹುದು. ಗಂಡನ ಮೇಲೆ ಹಾಕಿಸಬಹುದು. ಅಳಿಸಬಹುದು, ಅತ್ತರೆ ಓಬವ್ವ ಕರಗುತ್ತಾಳೆ, ನೀವೂ ಕರಗುತ್ತೀರಿ, ನಾನು ಪುಟ ಮಡಚಿ ಅಡುಗೆಮನೆಗೆ ಹೋಗಬಹುದು. ಯಾವುದನ್ನೂ ಅವಳ ಬಾಯಿಗೆ ಹಾಕುವುದಿಲ್ಲ. ಮುಂದಿನ ಸಾಲನ್ನು ಅವಳಿಗೇ ಬಿಟ್ಟಿದ್ದೇನೆ. ಅವಳು ಬಾಯಿ ತೆರೆದಿದ್ದಾಳೆ, ಮಾತು ಇನ್ನೂ ಬಂದಿಲ್ಲ.

ಓಬವ್ವ ಫೋನು ಇಟ್ಟಿಲ್ಲ.