ಲಗ್ನಪತ್ರಿಕೆಯ ಇಂಗ್ಲಿಷ್

ಚಾಪೆಯ ಮೇಲೆ ಚೆಲ್ಲಿದ್ದ ಕಾರ್ಡುಗಳನ್ನು ಕರುಣಾ ಒಂದೊಂದಾಗಿ ಎತ್ತಿ, ಅಂಚು ಸರಿಮಾಡಿ, ಎಡಗೈಯಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಶ್ರೀವಾಣಿ ಮೇಡಂ ಪೋಣಿಸುವ ಮಣಿಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಬಾಗಿಲ ಬಳಿ ಕೂತ ನೀಲಾಂಬಿಕ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತೂರಿಸಲು ನೋಡುತ್ತಿದ್ದಳು. ಪಾಠ ಮುಗಿದ ಮೇಲೆ ದಿನವೂ ಹೀಗೇ. ಕರುಣಾ ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟರೆ ಮೇಡಂ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು.

ಅವತ್ತು ಕರುಣಾಳ ಕೈ ನಡುವೆಯೇ ನಿಂತಿತು. ‘ಸನ್’ ಎಂದು ಇಂಗ್ಲಿಷಿನಲ್ಲಿ ಬರೆದ ಕಾರ್ಡು ಬೆಳ್ಳಗಿತ್ತು. ನಿನ್ನೆಯವರೆಗೂ ಅದು ಅಂಚಿಗೆ ಕುಂಕುಮ ಮೆತ್ತಿದ್ದ ಹಳೆಯ ರಟ್ಟು. ಈಗ ನೋಡಿದರೆ ಡ್ರಾಯಿಂಗ್ ಹಾಳೆಯಲ್ಲಿ ಹೊಸದಾಗಿ ಕತ್ತರಿಸಿದ್ದು, ಒಂದು ಕಲೆ ಇಲ್ಲ. ಕರುಣಾ ಏನೂ ಕೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೇ ಅವಳಿಗೆ ಮರೆತುಹೋಗಿತ್ತು. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಮೊದಲು ‘ಬಸ್’ ಹೋಯಿತು. ಆಮೇಲೆ ‘ಮಿಲ್ಕ್’. ಈಗ ‘ಸನ್’. ಒಂದೊಂದೇ ಕಾರ್ಡು ಬದಲಾಗುತ್ತಿದೆ. ಯಾಕೆ?

ಶಿಕಾರಿಪುರದ ಆ ಸರ್ಕಾರಿ ಶಾಲೆಯ ಹಿಂದಿನ ಕೊಠಡಿಯಲ್ಲಿ, ಕಲಿಯುವುದು ನಿಧಾನವಾದ ಮಕ್ಕಳಿಗೆಂದೇ ಬೇರೆ ಪಾಠ ನಡೆಯುತ್ತಿತ್ತು. ನೀಲಾಂಬಿಕ, ಎಲ್ಲರ ಬಾಯಲ್ಲಿ ನೀಲಾ, ಕರುಣಾಳ ಅಕ್ಕನ ಮಗಳು. ಮಾತು ತಡ, ನಡಿಗೆ ತಡ, ನಗು ಮಾತ್ರ ಎಲ್ಲರಿಗಿಂತ ಮುಂದೆ. ಅವಳ ಸ್ವಂತ ಮನೆ ಸೊರಬ ತಾಲ್ಲೂಕಿನ ಜಡೆಯಲ್ಲಿ. ಅಲ್ಲಿ ಅಕ್ಕ ಸುಮಾಳ ಕೈಯಲ್ಲಿ ಕೂಸು. ಹಾಗಾಗಿ ನೀಲಾ ಬಂದಳಿಕೆಯ ಅಜ್ಜಿ ಮನೆಯಲ್ಲಿದ್ದುಕೊಂಡು, ಚಿಕ್ಕಿ ಕರುಣಾಳ ಕೈ ಹಿಡಿದು ಬಸ್ಸಿನಲ್ಲಿ ಬರುತ್ತಿದ್ದಳು. ಚಿಕ್ಕಿ ಪಕ್ಕದಲ್ಲಿ ಕೂರದಿದ್ದರೆ ಅವಳು ಪಾಠಕ್ಕೇ ಕೂರುತ್ತಿರಲಿಲ್ಲ.

ನೀಲಾಳ ಅಪ್ಪ ಯೋಗೇಶ ಯುಗಾದಿಗೆ ಬಂದಾಗಲೇ ಮಾತು ಮುಗಿಸಿ ಹೋಗಿದ್ದ. “ನೋಡು ಕರುಣಾ, ಈ ವರ್ಷದ ಕೊನೇಲಿ ದೊಡ್ಡ ಮೇಡಮ್ಮೋರು ಪರೀಕ್ಷೆ ಮಾಡ್ತಾರಂತೆ. ನಾಲ್ಕು ಇಂಗ್ಲಿಷ್ ಪದ ಓದಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಶಿವಮೊಗ್ಗದ ವಸತಿ ಶಾಲೆಗೆ ಹಾಕಿಬಿಡ್ತೀನಿ. ಅಲ್ಲಿ ಇಂಥೋರನ್ನ ನೋಡ್ಕಳಾಕೆ ಜನ ಅದಾರೆ.”

ಇಂಥೋರು! ಆ ಮಾತು ಕರುಣಾಳ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಪಕ್ಕದ ಊರಿನ ನೆಂಟರ ಮನೆಗೆ ಹೋದರೂ ರಾತ್ರಿ ಚಿಕ್ಕಿಯ ಸೆರಗು ಹಿಡಿಯದೆ ನಿದ್ದೆ ಮಾಡದ ಮಗು ಅದು.

ಶ್ರೀವಾಣಿ ಮೇಡಂ ಸೊರಬದಿಂದ ಓಡಾಡುವವರು. ಸರ್ಕಾರ ಕಳಿಸಿದ ಪಾಠದ ಕಿಟ್ಟಿನಲ್ಲಿ ಬಂದಿದ್ದ ಇಂಗ್ಲಿಷ್ ಕಾರ್ಡುಗಳು ಅಂಗೈಗಿಂತ ಚಿಕ್ಕವು ಎಂದು, ಮನೆ ಮನೆ ಕೇಳಿ ಹಳೆಯ ಲಗ್ನಪತ್ರಿಕೆಗಳನ್ನು ತಂದು, ದಪ್ಪ ರಟ್ಟು ಕತ್ತರಿಸಿ, ಖಾಲಿ ಮಗ್ಗುಲಲ್ಲಿ ದೊಡ್ಡ ದೊಡ್ಡ ಅಕ್ಷರ ಬರೆದಿದ್ದರು. ಲಗ್ನಪತ್ರಿಕೆ ಅಂದಮೇಲೆ ಮೂಲೆಗೆ ಅರಿಶಿನ ಕುಂಕುಮ ಇದ್ದೇ ಇರುತ್ತದೆ. ನೀಲಾ ಅವನ್ನು ಮೂಸಿ, ಸವರಿ, ಕೆನ್ನೆಗೆ ಒತ್ತಿಕೊಂಡು ಪಟಪಟನೆ ಹೇಳತೊಡಗಿದಾಗ ಇಡೀ ಶಾಲೆಯೇ ಬೆರಗಾಗಿತ್ತು.

ಆ ಬೆರಗಿನ ಗುಟ್ಟು ಕರುಣಾಳಿಗೆ ತಿಳಿದದ್ದು ಮನೆಯಲ್ಲಿ. ಯಾರೋ ನೆಂಟರು ಮದುವೆಗೆ ಕರೆಯಲು ಬಂದು ಪತ್ರಿಕೆ ಕೊಟ್ಟಿದ್ದರು. ನೀಲಾ ಅದನ್ನು ಕಸಿದುಕೊಂಡು, ಅರಿಶಿನದ ಮೂಲೆಯ ಮೇಲೆ ಬೆರಳಿಟ್ಟು, “ಕ್ಯಾಟ್!” ಎಂದು ಕೂಗಿದಳು.

“ಏನಂತಾಳೆ ಇವಳು?” ಅಜ್ಜಿ ಗುಡ್ಡಮ್ಮ ಕೇಳಿದಳು.

“ಬೆಕ್ಕು ಅಂತಾಳೆ ಅವ್ವ.”

“ಬೆಕ್ಕಾ? ಎಲ್ಲೈತೆ? ಹಾಲು ಮುಚ್ಚಿಟ್ಟಿಯೇನೇ?” ಗುಡ್ಡಮ್ಮ ಕೋಲು ಹಿಡಿದು ಮಂಚದ ಕೆಳಗೆಲ್ಲ ಹುಡುಕಿದಳು. ಬಂದ ನೆಂಟರು ಹೊಟ್ಟೆ ಹಿಡಿದು ನಕ್ಕರು. ಕರುಣಾ ನಗಲಿಲ್ಲ. ಮಗು ಅಕ್ಷರ ಓದುತ್ತಿಲ್ಲ. ಕಲೆ ನೋಡಿ ಗುರುತು ಹಿಡಿಯುತ್ತಿದೆ. ಅರಿಶಿನದ ಮೂಲೆ ಇದ್ದರೆ ಕ್ಯಾಟ್, ಕುಂಕುಮ ಇದ್ದರೆ ಸನ್, ಚಿನ್ನದ ಗೆರೆ ಇದ್ದರೆ ಮಿಲ್ಕ್.

ಇದು ಮೇಡಂಗೆ ಗೊತ್ತಿದೆಯೋ ಇಲ್ಲವೋ? ಅಂದಿನಿಂದ ಕರುಣಾ ಅವರನ್ನೇ ಗಮನಿಸತೊಡಗಿದಳು. ಕಾರ್ಡು ಹಿಡಿಯುವಾಗ ಮೇಡಂ ಹೆಬ್ಬೆರಳಿನಿಂದ ಮೂಲೆ ಮುಚ್ಚುತ್ತಾರೆ. ನೀಲಾ ತಡವರಿಸಿದರೆ ಸಣ್ಣಗೆ ನಗುತ್ತಾರೆ. ಆಮೇಲೆ ಶುರುವಾಯಿತು ಕಾರ್ಡು ಬದಲಾಗುವುದು. ‘ಬಸ್’ ಬೆಳ್ಳಗಾದ ದಿನ ನೀಲಾ ಹಳೆಯ ಕಾರ್ಡು ಬೇಕೆಂದು ಚಾಪೆಯ ಮೇಲೆ ಹೊರಳಾಡಿ ಅತ್ತಳು. ಕೆಲವು ದಿನಗಳಲ್ಲಿ ಅದನ್ನೂ ಹೇಳಿದಳು, ನಿಜ. ಆದರೆ ಕರುಣಾ ಅದನ್ನು ನಂಬಲಿಲ್ಲ. ಇಡೀ ಕಟ್ಟಿನಲ್ಲಿ ಬಿಳಿ ಇರುವುದು ಅದೊಂದೇ, ಹೇಳದೆ ಏನು ಮಾಡುತ್ತಾಳೆ?

ಅನುಮಾನಕ್ಕೆ ನೀರೆರೆದದ್ದು ಬಸ್‌ಸ್ಟ್ಯಾಂಡು. ಬಂದಳಿಕೆಯ ಬಸ್ಸಿನ ಕಿಟಕಿಯಲ್ಲಿ ಕೂತಿದ್ದ ಕರುಣಾಳಿಗೆ, ಸೊರಬದ ಬಸ್ಸು ನಿಲ್ಲುವ ಕಡೆ ಶ್ರೀವಾಣಿ ಮೇಡಂ ಕಂಡರು. ಅವರ ಎದುರಿಗೆ ಯೋಗೇಶ ಭಾವ! ಮೆಕ್ಕೆಜೋಳ ಮಾರಲು ಮಾರ್ಕೆಟ್ಟಿಗೆ ಬಂದವನಿರಬೇಕು, ಹೆಗಲ ಮೇಲೆ ಖಾಲಿ ಚೀಲವಿತ್ತು. ಮೇಡಂ ಕೈ ಆಡಿಸಿ ಏನೋ ಹೇಳುತ್ತಿದ್ದರು. ಭಾವ ತಲೆ ಆಡಿಸುತ್ತಿದ್ದ. ಕೊನೆಗೆ ಇಬ್ಬರೂ ಒಂದೇ ಬಸ್ಸು ಹತ್ತಿದರು.

ಆಗಲೇ ಅವಳ ತಲೆಯಲ್ಲಿ ಲೆಕ್ಕ ಕೂಡಿತು. ಇಬ್ಬರೂ ಒಂದೇ ಕಡೆಯವರು. ಮಾತು ಆಗಿಹೋಗಿದೆ. ಮಗುವಿಗೆ ಗುರುತಿರುವ ಕಾರ್ಡುಗಳನ್ನೆಲ್ಲ ತೆಗೆದುಬಿಟ್ಟರೆ ಪರೀಕ್ಷೆಯ ದಿನ ಅದು ಬಾಯಿ ಬಿಡುವುದಿಲ್ಲ. ಭಾವನಿಗೆ ನೆಪ ಸಿಗುತ್ತದೆ. ಮೇಡಂಗೆ ಒಂದು ತಲೆನೋವು ಕಳೆಯುತ್ತದೆ.

ಪರೀಕ್ಷೆಗೆ ಒಂದು ವಾರ ಇರುವಾಗ ಮೇಡಂ ತರಬೇತಿಗೆಂದು ಶಿವಮೊಗ್ಗಕ್ಕೆ ಹೊರಟರು. ಹೊರಡುವಾಗ ಕಾರ್ಡಿನ ಕಟ್ಟನ್ನು ಕರುಣಾಳ ಕೈಗೇ ಕೊಟ್ಟರು. ಅಷ್ಟು ಹೊತ್ತಿಗೆ ಅವೆಲ್ಲ ಬೆಳ್ಳಗಾಗಿದ್ದವು.

“ಮನೇಲಿ ದಿನಾ ತೋರ್ಸು ಮಾರಾಯ್ತಿ. ಅವಸರ ಮಾಡ್ಬೇಡ. ಅಕ್ಷರದ ಮೇಲೆ ಅವಳ ಬೆರಳು ಆಡ್ಸು. ನೀನು ಕೂತ್ರೆ ಅವಳು ಕಲೀತಾಳೆ.”

‘ಎಷ್ಟು ನಯ!’ ಎಂದುಕೊಂಡಳು ಕರುಣಾ. ಬಾಯಲ್ಲಿ, “ಹೂಂ ಮೇಡಂ,” ಎಂದಳು.

ಮನೆಯಲ್ಲಿ ತೋರಿಸಿದಳು. ನೀಲಾ ‘ಬಸ್’ ಅಂದಳು. ಉಳಿದವಕ್ಕೆ ಒಮ್ಮೆ ಸರಿ, ಒಮ್ಮೆ ತಪ್ಪು. ‘ಸನ್’ ಕಂಡು ಬಹಳ ಹೊತ್ತು ನೋಡಿ, ತುಟಿ ಕುಣಿಸಿ, “ಸ್... ಸ್...” ಎಂದು ನಿಲ್ಲಿಸಿದಳು. ಕರುಣಾಳಿಗೆ ಕಾಯುವ ತಾಳ್ಮೆ ಇರಲಿಲ್ಲ. ದೇವರ ಮುಂದಿನ ಬಟ್ಟಲಿನಿಂದ ಅರಿಶಿನ ತಂದು ‘ಕ್ಯಾಟ್’ ಕಾರ್ಡಿನ ಮೂಲೆಗೆ ಒತ್ತಿದಳು. ‘ಸನ್’ಗೆ ಕುಂಕುಮ. ‘ಹೆನ್’ ಮೊದಲು ಹೇಗಿತ್ತೋ ಹಾಗೆ ಒಂದು ಮೂಲೆ ಮಡಚಿದಳು. ‘ಮಿಲ್ಕ್’ಗೆ ಸೀರೆಯ ಡಬ್ಬಿಯ ಚಿನ್ನದ ಕಾಗದ ಸೀಳಿ ಅಂಟಿಸಿದಳು. ‘ಬಸ್’ ಹೇಗೂ ಹೇಳುತ್ತಾಳೆ ಎಂದು ಬಿಟ್ಟಳು.

ನೀಲಾಳ ಮುಖ ಅರಳಿತು. ಕಳೆದುಹೋಗಿದ್ದ ನೆಂಟರು ಮನೆಗೆ ಮರಳಿದ ಹಾಗೆ ಕಾರ್ಡುಗಳನ್ನು ಕೆನ್ನೆಗೆ ಒತ್ತಿಕೊಂಡು, “ಕ್ಯಾಟ್! ಸನ್! ಹೆನ್!” ಎಂದು ಕುಣಿದಳು. ವಾರವಿಡೀ ಅದೇ ಆಟ.

“ದೇವರಿಗಿಟ್ಟ ಅರಿಶಿನ ಎಲ್ಲಿ ಹೋಯ್ತೇ?” ಎಂದು ಗುಡ್ಡಮ್ಮ ಗೊಣಗಿದಳು. “ಈ ಮನೇಲಿ ಇಂಗ್ಲಿಷ್ ಬೆಕ್ಕು ಅರಿಶಿನಾನೂ ತಿಂತೈತೇನೋ!”

ಪರೀಕ್ಷೆಯ ದಿನ ಕೊಠಡಿಗೆ ಬಂದ ದೊಡ್ಡ ಮೇಡಂ ಎಂದರೆ ರಾಜೇಶ್ವರಮ್ಮ. ಕನ್ನಡಕ ಮೂಗಿನ ತುದಿಗೆ ಇಳಿಸಿ ನೋಡುವ, ನರೆತ ಕೂದಲಿನ ಹೆಂಗಸು. ಯೋಗೇಶ ಗೋಡೆಗೆ ಒತ್ತಿ ನಿಂತಿದ್ದ. ಶ್ರೀವಾಣಿ ಮೇಡಂ ಬಸ್ಸಿಳಿದು ಓಡಿಬಂದಂತೆ ಏದುಸಿರು ಬಿಡುತ್ತಾ ಒಳಗೆ ಬಂದರು. ಕಟ್ಟು ಬಿಚ್ಚಿ ನೋಡಲು ಅವರಿಗೆ ಹೊತ್ತೇ ಸಿಗಲಿಲ್ಲ. ಕರುಣಾ ಅದನ್ನು ನೇರವಾಗಿ ರಾಜೇಶ್ವರಮ್ಮನವರ ಕೈಗೆ ಕೊಟ್ಟಳು.

ಕಾರ್ಡು ಎತ್ತಿದಂತೆ ನೀಲಾ ಹೇಳಿದಳು. ಒಂದೂ ತಪ್ಪಲಿಲ್ಲ. ಯೋಗೇಶ ಗೋಡೆ ಬಿಟ್ಟು ಮುಂದೆ ಬಂದ. “ಅಬ್ಬಾ, ನನ್ ಮಗಳೇ!” ಎಂದು ಅವಳ ತಲೆ ಸವರಿದ. ಕರುಣಾ ಓರೆಗಣ್ಣಿನಿಂದ ಶ್ರೀವಾಣಿ ಮೇಡಂ ಮುಖ ನೋಡಿದಳು. ಆ ಮುಖದಲ್ಲಿ ರಕ್ತವಿರಲಿಲ್ಲ. ಸೋತರು ಎಂದುಕೊಂಡಳು ಕರುಣಾ.

ರಾಜೇಶ್ವರಮ್ಮ ತಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಹಳದಿ ಹತ್ತಿತ್ತು.

“ಇದೇನ್ರೀ ಶ್ರೀವಾಣಿ, ಇಂಗ್ಲಿಷಿಗೂ ಅರಿಶಿನ ಕುಂಕುಮ ಕೊಟ್ಟೀರಿ?”

ಕಾರ್ಡುಗಳನ್ನು ಬದಿಗಿಟ್ಟು ಅವರು ಸ್ಲೇಟು ತರಿಸಿದರು. ಬಳಪದಲ್ಲಿ ‘ಕ್ಯಾಟ್’ ಎಂದು ಇಂಗ್ಲಿಷಿನಲ್ಲಿ ದಪ್ಪಗೆ ಬರೆದರು. ನೀಲಾ ಸ್ಲೇಟು ತೆಗೆದುಕೊಂಡು ನಾಲ್ಕು ಮೂಲೆ ನೋಡಿದಳು. ತಿರುಗಿಸಿ ಹಿಂದೆ ನೋಡಿದಳು. ಮೂಸಿದಳು. ಚಿಕ್ಕಿಯ ಕಡೆ ತಿರುಗಿದಳು. ಅಳಿಸಿ ‘ಸನ್’ ಬರೆದರು. ಅದಕ್ಕೂ ಹಾಗೆಯೇ. ‘ಹೆನ್’ ಬರೆದರೆ ಸ್ಲೇಟನ್ನೇ ದೂಡಿದಳು. ಕೊನೆಗೆ ‘ಬಸ್’ ಬರೆದರು. ನೀಲಾ ಬೆರಳಿಟ್ಟು ಆ ಮೂರು ಅಕ್ಷರಗಳ ಮೇಲೆ ನಿಧಾನ ಆಡಿಸಿದಳು.

“ಬಸ್,” ಎಂದಳು.

“ದಿನಾ ಬಸ್ಸಲ್ಲಿ ಬರೋ ಮಗು. ಬಾಯಿಗೆ ಬಂದದ್ದು ಹೇಳ್ತು,” ಎಂದರು ರಾಜೇಶ್ವರಮ್ಮ.

“ಇಲ್ಲ ಮೇಡಂ, ಅದು ಓದಿದ್ದು.” ಶ್ರೀವಾಣಿ ಮೇಡಂ ಒಂದು ಹೆಜ್ಜೆ ಮುಂದೆ ಬಂದರು. “ಅವಳು ಕಲೆ ನೋಡಿ ಹೇಳ್ತಾಳೆ ಅಂತ ನಂಗೆ ಮೊದಲೇ ಗೊತ್ತಾಗಿತ್ತು. ಒಟ್ಟಿಗೇ ಎಲ್ಲ ತೆಗೆದ್ರೆ ಹೆದರ್ತಾಳೆ ಅಂತ ಒಂದೊಂದೇ ಬಿಳಿ ಕಾರ್ಡು ಮಾಡ್ತಾ ಬಂದೆ. ಮೊದಲು ಬದಲಾಯಿಸಿದ್ದು ಬಸ್. ಅದು ಕೂತಿದೆ ನೋಡಿ. ಉಳಿದದ್ದೂ ಹೋದ ವಾರ ಅರ್ಧಕ್ಕರ್ಧ ಬಂದಿತ್ತು. ತರಬೇತಿಗೆ ಹೋಗೋವಾಗ ಈ ಕಾರ್ಡೆಲ್ಲ ಬೆಳ್ಳಗಿದ್ವು.”

‘ಸ್... ಸ್...’ ಎಂದು ತುಟಿ ಕುಣಿಸಿದ ನೀಲಾ ಕರುಣಾಳ ಕಣ್ಣಮುಂದೆ ಬಂದಳು. ಒಂದಿಷ್ಟು ಹೊತ್ತು ಕಾದಿದ್ದರೆ?

ಯೋಗೇಶ ಕೆರಳಿದ್ದ. “ಬಸ್‌ಸ್ಟ್ಯಾಂಡಿನಾಗೆ ಕೈ ಮುಗಿದು ಹೇಳಿದ್ರಲ್ರೀ ನೀವು! ಮಗು ಅಕ್ಷರ ಗುರ್ತು ಹಿಡಿತೈತೆ, ವಸತಿ ಶಾಲೆಗೆ ಹಾಕ್ಬೇಡ್ರಿ, ಇನ್ನೂ ಸ್ವಲ್ಪ ದಿನ ಕೊಡ್ರಿ ಅಂತ. ಇದೇನಾ ಆ ಅಕ್ಷರ? ಅರಿಶಿನ ಬಳಿದು ನಮ್ಮನ್ನ ಮಂಗ ಮಾಡಾಕೆ ನೋಡಿದ್ರಾ?”

“ಫಲಿತಾಂಶ ಚೆಂದ ಕಾಣ್ಲಿ ಅಂತ ನೀವೇ ಹಚ್ಚಿದ್ರಾ ಶ್ರೀವಾಣಿ?” ರಾಜೇಶ್ವರಮ್ಮ ಕನ್ನಡಕ ತೆಗೆದು ಕೇಳಿದರು.

ಶ್ರೀವಾಣಿ ಮೇಡಂ ಒಮ್ಮೆ ಕರುಣಾಳ ಕಡೆ ನೋಡಿದರು. ಅವಳ ಉಗುರಿನ ಸಂದಿಯಲ್ಲಿ ಹಳದಿ ಇತ್ತು. ಅದು ಅವರ ಕಣ್ಣಿಗೆ ಬಿತ್ತು ಎಂಬುದು ಕರುಣಾಳಿಗೂ ತಿಳಿಯಿತು. ಅವರು ಏನೂ ಹೇಳದೆ ತಲೆ ತಗ್ಗಿಸಿದರು.

“ಅವರಲ್ಲ,” ಎಂದಳು ಕರುಣಾ. ದನಿ ಅವಳದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. “ನಾನು ಹಚ್ಚಿದ್ದು. ಭಾವ, ಮೇಡಮ್ಮೋರು ಇಬ್ರೂ ಸೇರಿ ಮಗೂನ ವಸತಿ ಶಾಲೆಗೆ ಕಳಿಸ್ತಾರೆ ಅಂದ್ಕೊಂಡಿದ್ದೆ. ಮೇಡಮ್ಮೋರು ಕಲಿಸಿದ್ದನ್ನ ನಾನೇ ಕೆಡಿಸಿದೆ.”

ರಾಜೇಶ್ವರಮ್ಮ ಸ್ಲೇಟನ್ನು ಮಡಿಲ ಮೇಲೆ ಮಗುಚಿ ಇಟ್ಟುಕೊಂಡರು. ನೀಲಾ ಬಂದು ಚಿಕ್ಕಿಯ ಸೆರಗು ಹಿಡಿದಳು.

“ಭಾವ, ಇನ್ನೊಂದು ವರ್ಷ ನೀಲಾನ ಇಲ್ಲೇ ಬಿಡ್ರಿ,” ಎಂದಳು ಕರುಣಾ.

ರಾಜೇಶ್ವರಮ್ಮ ಸ್ಲೇಟನ್ನು ತಿರುಗಿಸಿ ಯೋಗೇಶನಿಗೆ ಕೊಟ್ಟರು; ಅವನು ‘ಬಸ್’ ಎಂದು ಬರೆದಿದ್ದ ಆ ಸ್ಲೇಟನ್ನು ಮಗಳ ಮುಂದೆ ಹಿಡಿದ.