ಲಿಫ್ಟ್ ನಿಲ್ಲದ ಮಹಡಿ

ಕರೆ ಬಂದಾಗ ಲಿಫ್ಟ್ ಕೆಟ್ಟಿರಬೇಕು ಅಂದುಕೊಂಡೇ ಮೆಕ್ಯಾನಿಕ್ ಬಂದಿದ್ದ. ಲಿಫ್ಟ್ ಚೆನ್ನಾಗಿಯೇ ಇತ್ತು.

"ನಾಲ್ಕನೇ ಮಹಡೀಲಿ ನಿಲ್ಲಬಾರದು. ಅಷ್ಟೇ ಕೆಲಸ," ಎಂದರು ಕಟ್ಟಡದ ಸೆಕ್ರೆಟರಿ.

ಆ ಮಹಡಿಯ ಒಂದು ಮನೆಗೆ ಊರಲ್ಲಿ ಹಬ್ಬಿದ್ದ ಅಂಟುಜ್ವರ ತಗುಲಿತ್ತು. ಅಲ್ಲಿಂದ ಮೆಟ್ಟಿಲಿಗೆ ಬರುವ ದಾರಿಗೆ ಆಗಲೇ ಗ್ರಿಲ್ ಹಾಕಿಸಿ ಬೀಗ ಜಡಿದಿದ್ದರು.

"ಆರೋಗ್ಯ ಇಲಾಖೆಯವರು ಹೇಳಿದ್ರಾ ಸಾರ್?"

"ರೋಗವೇನು ಇಲಾಖೆಯ ಪರ್ಮಿಷನ್ ತಗೊಂಡು ಬರುತ್ತಾ? ನಿಂಗೂ ಮಗು ಇದೆ ತಾನೆ?"

ಮಗು ಇತ್ತು. ಸೆಕ್ರೆಟರಿ ಕಟುಕರೇನಲ್ಲ, ಆ ಮಹಡಿಗೆ ಹಗ್ಗದಲ್ಲಿ ಊಟದ ಬುಟ್ಟಿ ಏರಿಸುವ ಏರ್ಪಾಡು ಮಾಡಿದವರೂ ಅವರೇ. ತಾರಸಿಯ ಮೇಲಿನ ಮೋಟಾರಿನ ಕೋಣೆಗೆ ಹೋಗಿ ಅವನು ಒಂದು ವೈರು ಬಿಚ್ಚಿದ.

ಆ ಕೋಣೆಯ ಪ್ಯಾನೆಲಿನಲ್ಲಿ ನಾಲ್ಕನೇ ಮಹಡಿಯ ದೀಪ ಹತ್ತಿಕೊಂಡಿತು. ಯಾರೋ ಗುಂಡಿ ಒತ್ತುತ್ತಿದ್ದರು. ಲಿಫ್ಟ್ ಹಾದುಹೋಗುತ್ತಿತ್ತು, ದೀಪ ಮಾತ್ರ ಆರಲಿಲ್ಲ.

ಕೆಲಸ ಮುಗಿಯಿತೆಂದು ಹೇಳಲು ಅದೇ ಲಿಫ್ಟಿನಲ್ಲಿ ಇಳಿಯುವಾಗ ನಾಲ್ಕನೇ ಮಹಡಿಯ ಬಾಗಿಲಿನ ಗಾಜಿಗೆ ಒಂದು ಅಂಗೈ ರಪರಪನೆ ಬಡಿಯಿತು.

"ಅಣ್ಣಾ, ನಿಲ್ಸಿ! ಅಪ್ಪಂಗೆ ಡಯಾಲಿಸಿಸ್‌ಗೆ ಹೋಗ್ಬೇಕು! ನಮ್ಮನೇಲಿ ಯಾರಿಗೂ ಜ್ವರ ಇಲ್ಲ..."

ದನಿ ಮೇಲೆಯೇ ಉಳಿಯಿತು.

ಕೆಳಗೆ ವಿಷಯ ತಿಳಿಸಿದ. "ಗೊತ್ತು," ಎಂದರು ಸೆಕ್ರೆಟರಿ, ಅವನ ಮುಖ ನೋಡದೆ. "ಏನು ಮಾಡೋದು ಹೇಳು? ಅವರೊಬ್ಬರಿಗೋಸ್ಕರ ಎಲ್ಲರೂ ಸಾಯೋಕಾಗುತ್ತಾ?"

"ನೋಡ್ರಪ್ಪ, ಲಿಫ್ಟಿನವನು ಡಾಕ್ಟರ್ ಆಗ್ಬಿಟ್ಟ!" ಎಂದು ಅಲ್ಲಿ ಸೇರಿದ್ದ ನಿವಾಸಿಗಳಲ್ಲಿ ಯಾರೋ ನಕ್ಕರು.

ಇವರು ಹೇಳುವುದೇ ಸರಿಯೇನೋ, ತಾನ್ಯಾರು ಕೇಳುವುದಕ್ಕೆ ಎಂದು ಅವನಿಗೆ ಅನ್ನಿಸಿತು. ಆದರೆ ವೈರು ಬಿಚ್ಚಿದ್ದು ತನ್ನ ಕೈ. "ಇನ್ನೊಂದ್ಸಲ ಚೆಕ್ ಮಾಡ್ತೀನಿ ಸಾರ್," ಎಂದು ಸುಳ್ಳು ಹೇಳಿ ಮೇಲೆ ಹೋಗಿ, ವೈರನ್ನು ಮತ್ತೆ ಸೇರಿಸಿದ.

ಲಿಫ್ಟಿನಲ್ಲಿ ಇಳಿದು ಬಂದಾಗ ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮುಖ ಕಾಲು ಊದಿಕೊಂಡ ಮುದುಕರು, ಪಕ್ಕದಲ್ಲಿ ಮಗಳು. ಆಕೆ ಒಳಗೆ ಕಾಲಿಡಲಿಲ್ಲ.

"ಕೆಳಗೆ ಅವರೆಲ್ಲ ಇದ್ದಾರಾ ಅಣ್ಣಾ? ಹೊಡೀತಾರಾ?"

"ಗೊತ್ತಿಲ್ಲಮ್ಮಾ."

"ನನ್ನ ಮುಟ್ಟಿದ್ರೆ ನಿನ್ನನ್ನೂ ಮನೆಗೆ ಸೇರಿಸಲ್ಲ ಕಣಪ್ಪಾ," ಎಂದರು ಮುದುಕರು. "ನಾನೇನು, ಹೆಂಗೂ ಗಂಟುಮೂಟೆ ಕಟ್ಟಿರೋನು. ನೀನು ಯೋಚನೆ ಮಾಡು."

ಯೋಚನೆಗೆ ಕೂತರೆ ಕೈ ಏಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮಗುವಿನ ಮುಖ ಕಣ್ಣಿಗೆ ಕಟ್ಟುವ ಮೊದಲೇ ಕುರ್ಚಿ ಎತ್ತಿ ಒಳಗಿಟ್ಟ. ಮಗಳು ಹಿಂದೆಯೇ ಬಂದಳು.

ಲಿಫ್ಟ್ ಇಳಿಯತೊಡಗಿತು. ಕೆಳಗಿನ ಗದ್ದಲ ಹತ್ತಿರವಾಯಿತು. ಇದ್ದಕ್ಕಿದ್ದಂತೆ ಗದ್ದಲ ನಿಂತಿತು. ಹಿಂದೆಯೇ ದೀಪ ಆರಿ ಲಿಫ್ಟೂ ನಿಂತಿತು. ಯಾರೋ ಮೈನ್ ಆಫ್ ಮಾಡಿದ್ದರು.

ಕತ್ತಲಲ್ಲಿ ಸೆಕ್ರೆಟರಿಯ ದನಿ ಸ್ಪಷ್ಟವಾಗಿ ಕೇಳಿಸಿತು, ಕೋಪವೂ ಇಲ್ಲದ ದನಿ: "ನಾಲ್ಕರಲ್ಲಿ ನಿಲ್ಸಿದ್ದಾನೆ. ಅವನೂ ಮುಟ್ಟಿರ್ತಾನೆ. ಅಲ್ಲೇ ಇರಲಿ."

ಮುದುಕರ ಉಸಿರು ಗೊರಗುಟ್ಟತೊಡಗಿತು. ಮೆಕ್ಯಾನಿಕ್ ಬಾಗಿಲ ಸಂದಿಗೆ ಬೆರಳು ತೂರಿಸಿ ಜಗ್ಗಿದ. ಮಗಳೂ ಕೈಹಾಕಿದಳು. ಎದೆಮಟ್ಟದಲ್ಲಿ ಎರಡನೇ ಮಹಡಿಯ ನೆಲ ಕಂಡಿತು, ಆ ನೆಲದ ಮೇಲೆ ಸಾಲಾಗಿ, ಕೆಳಗಿನಿಂದ ಹತ್ತಿ ಬಂದವರ ಚಪ್ಪಲಿ ಹಾಕಿದ ಕಾಲುಗಳು.

"ಒಂದು ಕೈ ಕೊಡ್ರಪ್ಪಾ, ಇವರನ್ನ ಎತ್ಕೊಳ್ಳಿ," ಎಂದ.

ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು.