ನಿಮಿಷಕ್ಕೆ ಇನ್ನೂರಿಪ್ಪತ್ತೈದು

ಲೆನೋರ್ ಪರೀಕ್ಷೆ ಪಾಸಾದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆಯ ನಡುವೆ ಯಾರಾದರೂ ಬಾಯಿ ಹಾಕುತ್ತಾರೆ. ಬೇರೆಯವರ ಮನೆಯ ವಿಷಯ ಪೂರ್ತಿ ತಿಳಿಯದಿದ್ದರೆ ನಮ್ಮೂರಿನವರಿಗೆ ಉಂಡದ್ದು ಅರಗುವುದಿಲ್ಲ.

ಅವಳು ನನ್ನ ತಮ್ಮ ಡ್ವೇನ್‌ನ ಹೆಂಡತಿ. ಅವರಿಬ್ಬರದು ಮಹಡಿ, ನಾನು ಕೆಳಗೆ. ನನ್ನ ಗಂಡ ತೀರಿಕೊಂಡ ಮೇಲೆ ರಾತ್ರಿಯೂಟಕ್ಕೆ ಮೇಲೆ ಹತ್ತಿ ಹೋಗುತ್ತೇನೆ. ಕಬ್ಬಿಣದ ಗಣಿ ಮುಚ್ಚುತ್ತದೆಂಬ ಸುದ್ದಿ ಹಬ್ಬಿದಾಗ ಊರಿನ ಎಷ್ಟೋ ಗಂಡಸರು ನೆವಾಡಾದ ಗಣಿಗಳಿಗೆ ಹೊರಟರು. ಡ್ವೇನ್ ಆ ಪೈಕಿಯವನಲ್ಲ. ಸುಪೀರಿಯರ್ ಸರೋವರದ ಗಾಳಿ ಬಿಟ್ಟರೆ ಅವನಿಗೆ ಉಸಿರಾಡಲು ಬರುವುದಿಲ್ಲ. ಅವನನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದೇ ಲೆನೋರ್ ಶೀಘ್ರಲಿಪಿ ಕಲಿಯಲು ಹೊರಟಳು. ಕೋರ್ಟಿನಲ್ಲಿ ಜನ ಆಡಿದ್ದನ್ನು ಆಡಿದ ಹಾಗೇ ಯಂತ್ರದಲ್ಲಿ ಬರೆದುಕೊಳ್ಳುವ ಕೆಲಸ. ಆ ಸಂಬಳ ಬಂದರೆ ಗಣಿ ಮುಚ್ಚಿದರೂ ಇಬ್ಬರೂ ಇಲ್ಲೇ ಇರಬಹುದು.

ದೊಡ್ಡ ಕಾಲೇಜಿಗೆ ಹೋಗುವ ಶಕ್ತಿ ಎಲ್ಲಿಂದ ಬರಬೇಕು? ಸಿಕ್ಕಿದ್ದು ಮನೆಯಲ್ಲೇ ಕೂತು ಕಲಿಯುವ, ತಿಂಗಳಿಗಿಷ್ಟು ಅಂತ ಕಟ್ಟುವ ಅಗ್ಗದ ಶಾಲೆ. ಮೋಸದ ಶಾಲೆಯಲ್ಲ. ಪಾಠ ಚೆನ್ನಾಗಿತ್ತು, ಯಂತ್ರವನ್ನೂ ಅವರೇ ಕಳಿಸಿದರು. ಇಲ್ಲದ್ದು ಮನುಷ್ಯರು ಮಾತ್ರ. ಪಕ್ಕದಲ್ಲಿ ಕೂತು ನಗುವ ಗೆಳತಿಯಿಲ್ಲ, ಸಾಕು ಮನೆಗೆ ಹೋಗು ಅನ್ನುವ ಮೇಷ್ಟ್ರಿಲ್ಲ. ಒಂದು ಹೆಂಗಸಿನ ಧ್ವನಿ ಮಾತ್ರ ಪ್ರತಿ ಪಾಠದ ಮೊದಲಲ್ಲಿ ಹೇಳುತ್ತಿತ್ತು: ಅರ್ಥದ ಗೊಡವೆಗೆ ಹೋಗಬೇಡಿ, ಅರ್ಥ ಹುಡುಕುತ್ತ ನಿಂತರೆ ಹಿಂದೆ ಬೀಳುತ್ತೀರಿ, ಶಬ್ದದ ಬೆನ್ನು ಹತ್ತಿ. ಆ ಧ್ವನಿಯನ್ನು ಇಂದಿಗೂ ನಾನು ಕ್ಷಮಿಸಿಲ್ಲ.

ನಿಮಿಷಕ್ಕೆ ಇನ್ನೂರು ಪದದವರೆಗೆ ಲೆನೋರ್ ಸಲೀಸಾಗಿ ಬಂದಳು. ಕೋರ್ಟಿಗೆ ಬೇಕಾದದ್ದು ಇನ್ನೂರಿಪ್ಪತ್ತೈದು. ಅಲ್ಲಿ ಬಂಡಿ ಹೂತುಹೋಯಿತು. ಮಾರ್ಚ್ ಮುಗಿಯುವುದರೊಳಗೆ ಪಾಸಾಗದಿದ್ದರೆ ಮತ್ತೆ ಮೊದಲಿನಿಂದ ಸೇರಬೇಕು ಎಂದು ಶಾಲೆ ಹೇಳಿತು. ಮೊದಮೊದಲು ಡ್ವೇನ್ ಪತ್ರಿಕೆ ಹಿಡಿದು ಅವಳಿಗೆ ಓದಿ ಹೇಳುತ್ತಿದ್ದ. ಅವನೋ ಒಂದು ಪದ ಆಡಿ ಇನ್ನೊಂದಕ್ಕೆ ಕಿಟಕಿಯಾಚೆ ನೋಡುವವನು.

"ನೀನು ಓದಿ ಮುಗಿಸೋ ಹೊತ್ತಿಗೆ ಹಿಮ ಕರಗಿ ಬೇಸಿಗೆ ಬರತ್ತೆ ಕಣೋ," ಅಂದಳು ಒಂದು ದಿನ.

"ಬರ್ಲಿ ಬಿಡು, ಮೀನು ಹಿಡಿಯೋಕೆ ಹೋಗೋಣ," ಅಂದ ಅವನು.

ಅವಳು ನಗಲಿಲ್ಲ. ಮಾರನೆಯ ದಿನದಿಂದ ಕಿವಿಗೆ ಹೆಡ್‌ಫೋನ್ ಬಂತು. ಆಮೇಲೆ ಕಿವಿಗೆ ಬಿದ್ದದ್ದನ್ನೆಲ್ಲ ಬರೆಯುವ ಚಾಳಿ ಹತ್ತಿತು. ಚರ್ಚಿನಲ್ಲಿ ಪಾದ್ರಿ ಮಾತಾಡಿದರೆ ಮೊಣಕಾಲಿನ ಮೇಲೆ ಬೆರಳು ಕುಣಿಯುತ್ತಿದ್ದವು. ಸ್ವಂತ ಚಿಕ್ಕಪ್ಪನ ಶವಪೆಟ್ಟಿಗೆಯ ಮುಂದೆಯೂ ಕುಣಿದವು. ಕೊನೆಗೆ ಯಂತ್ರ ಊಟದ ಮೇಜಿಗೇ ಬಂದು ಗಂಡ ಹೆಂಡಿರ ನಡುವೆ ಮೂರನೆಯವರಂತೆ ಕೂತಿತು. ನಾವು ಉಪ್ಪು ಕೇಳಿದರೂ ಅದು ಬರೆದುಕೊಳ್ಳುತ್ತಿತ್ತು, ಉಪ್ಪು ಮಾತ್ರ ಬರುತ್ತಿರಲಿಲ್ಲ. ಡ್ವೇನ್ ಮಾತನ್ನೇ ಕಡಿಮೆ ಮಾಡಿದ.

ಫೆಬ್ರವರಿಯ ಒಂದು ಸಂಜೆ ಅವನು ಬೂಟಿನ ಹಿಮವನ್ನೂ ಕೊಡವದೆ ಒಳಗೆ ಬಂದು ಊಟಕ್ಕೆ ಕೂತ. ನಾನು ಮಾಡಿ ತಂದ, ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿಯನ್ನು ಅರ್ಧ ತಿಂದು, ತಟ್ಟೆ ಸರಿಸಿ, ಮಾತು ಶುರುಮಾಡಿದ. ನನ್ನ ತಮ್ಮ ಅಷ್ಟು ವೇಗವಾಗಿ ಮಾತಾಡಿದ್ದನ್ನು ಅವನು ಹುಟ್ಟಿದಂದಿನಿಂದ ನಾನು ಕೇಳಿರಲಿಲ್ಲ.

"ಗಣೀಲಿ ಕೆಲಸ ಬಿಡ್ಸೋ ಚೀಟಿ ಕೊಟ್ರು ಲೆನೋರ್. ಶುಕ್ರವಾರ ಕಡೇ ದಿನ. ನನ್ ಜೊತೆ ಕೆಲಸ ಮಾಡೋ ರೇ ಇವತ್ತೇ ನೆವಾಡಾಕ್ಕೆ ಹೊರಡ್ತಿದಾನೆ, ನೀನೂ ಬಾ, ಅಲ್ಲಿ ಕೆಲಸ ಇದೆ ಅಂತಿದಾನೆ. ನಂಗೆ ಹೋಗೋಕೆ ಇಷ್ಟ ಇಲ್ಲ, ದೇವರಾಣೆ ಇಷ್ಟ ಇಲ್ಲ. ಆದ್ರೆ ಇಲ್ಲಿ ನಾನಿದ್ದು ಏನು ಮಾಡ್ಲಿ? ಈ ಮನೇಲಿ ನಾನೂ ಆ ಫ್ರಿಜ್ಜೂ ಒಂದೇ ಆಗಿದೀವಿ, ಇಬ್ರೂ ಗುಂಯ್ ಅಂತಿರ್ತೀವಿ, ಯಾರಿಗೂ ಕೇಳ್ಸಲ್ಲ. ನಂಗೋಸ್ಕರಾನೇ ಕಲೀತಿದೀಯ, ಗೊತ್ತು. ಆದ್ರೆ ನಾನೆಲ್ಲಿದೀನಿ ಅಂತ ನಿಂಗೆ ಗೊತ್ತಾ?"

ಬೆರಳುಗಳು ಓಡುತ್ತಿದ್ದವು. ಅವಳ ಕಣ್ಣು ಯಂತ್ರದ ಪುಟ್ಟ ಪರದೆಯ ಮೇಲೆ. ನಾನು ಮೇಜಿನ ಕೆಳಗೆ ಅವಳ ಕಾಲಿಗೆ ಒದ್ದೆ. ಅವಳು ಕಾಲು ಸರಿಸಿಕೊಂಡಳು.

ಅವನು ಇನ್ನೂ ಏನೇನೋ ಹೇಳಿದ. ಅವರಿಗೆ ಆಗದೇ ಹೋದ ಮಗುವಿನ ಮಾತೂ ಬಂತು. ಅದನ್ನೆಲ್ಲ ನಾನು ಬರೆಯುವುದಿಲ್ಲ. ಕೊನೆಗೆ ಹೇಳಿದ, "ಹೋಗ್ಬೇಡ ಅಂತ ನೀನು ಬಾಯ್ಬಿಟ್ಟು ಹೇಳೋದೂ ಬೇಡ. ಒಂದ್ಸಲ ತಲೆ ಎತ್ತಿ ನನ್ನ ನೋಡು. ಸಾಕು, ನಾನು ಹೋಗಲ್ಲ."

ನಾವಿಬ್ಬರೂ ಅವಳ ನೆತ್ತಿಯನ್ನೇ ನೋಡುತ್ತ ಕೂತೆವು. ನಾನಾದರೂ ಬಾಯಿ ಬಿಡಬಹುದಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಅದನ್ನು ನಂಬಿ ಸುಮ್ಮನಿದ್ದೆ. ಅವನು ಎದ್ದು, ಗೋಡೆಯ ಮೊಳೆಯಿಂದ ಕೋಟು ತೆಗೆದುಕೊಂಡು, ಮೆಟ್ಟಿಲಿಳಿದು ಹೋದ. ಕೆಳಗೆ ಬಾಗಿಲು ಹಾಕಿದ ಸದ್ದಾಯಿತು.

ಲೆನೋರ್ ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಮುಖವೆಲ್ಲ ಕೆಂಪಾಗಿತ್ತು, ಖುಷಿಗೆ.

"ವರ್ನಾ, ನೋಡಿಲ್ಲಿ. ಇನ್ನೂರಿಪ್ಪತ್ತೈದಕ್ಕೂ ಮೇಲೆ ಹೋಗಿದೆ. ಒಂದು ಪದಾನೂ ಬಿಡ್ಲಿಲ್ಲ."

"ಏನು ಹೇಳ್ದ ಅವನು?"

"ಯಾರು?"

ನನಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

"ಓದು," ಅಂದೆ. "ಕೋರ್ಟಲ್ಲಿ ಜಡ್ಜ್ ಕೇಳಿದ್ರೆ ಓದಿ ಹೇಳ್ಬೇಕಂತಲ್ಲ, ಹಂಗೆ ಓದು."

ಅವಳು ಓದಿದಳು. ಓದುವಾಗ ಧ್ವನಿಯಲ್ಲಿ ಏನೂ ಇರಬಾರದು ಎಂದು ಶಾಲೆ ಕಲಿಸಿತ್ತು. ಏನೂ ಇಲ್ಲದ ಆ ಧ್ವನಿಯಲ್ಲೇ ಚೀಟಿ ಬಂತು, ಶುಕ್ರವಾರ ಬಂತು, ನೆವಾಡಾ ಬಂತು. ಫ್ರಿಜ್ಜಿನ ಹತ್ತಿರ ಧ್ವನಿ ಒಮ್ಮೆ ತಡವರಿಸಿ ಮತ್ತೆ ಸರಿಯಾಯಿತು. ಮಗುವಿನ ಹತ್ತಿರ ಬರುವಾಗ ಅವಳ ಒಂದು ಕೈ ಮೇಜಿನ ಅಂಚನ್ನು ಹಿಡಿದಿತ್ತು. ಹೊರಗೆ ಡ್ವೇನ್‌ನ ಟ್ರಕ್ಕು ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಶುರುವಾಯಿತು. ಅವಳು ಓದುತ್ತಲೇ ಇದ್ದಳು, ಶಬ್ದದಿಂದ ಶಬ್ದಕ್ಕೆ, ಈಗ ಬಹಳ ನಿಧಾನವಾಗಿ, ಡ್ವೇನ್ ಪತ್ರಿಕೆ ಓದುತ್ತಿದ್ದ ಹಾಗೆ.

"ಹೋಗ್ಬೇಡ ಅಂತ ನೀನು ಬಾಯ್ಬಿಟ್ಟು ಹೇಳೋದೂ ಬೇಡ. ಒಂದ್ಸಲ ತಲೆ ಎತ್ತಿ ನನ್ನ ನೋಡು."

ಆಗ ಅವಳು ತಲೆ ಎತ್ತಿದಳು.

ಎದುರಿಗೆ ಅರ್ಧ ತಿಂದ ಪಾಸ್ಟಿಯಿತ್ತು, ಕುರ್ಚಿಯ ಕೆಳಗೆ ಅವನ ಬೂಟಿನಿಂದ ಕರಗಿದ ಹಿಮದ ನೀರಿತ್ತು. ಟ್ರಕ್ಕು ರಸ್ತೆಯ ತಿರುವು ದಾಟಿತ್ತು. ಪರದೆಯ ಮೇಲೆ ಇನ್ನೊಂದು ಸಾಲು ಉಳಿದಿತ್ತು. ಅದನ್ನು ಅವಳು ಓದಲಿಲ್ಲ.